ದಾಳಿಂಬೆ ಕಾಳಿನಷ್ಟು

೧೪ ಅಕ್ಟೋಬರ್, ಮಂಗಳವಾರ. ಹಗರೆ.

ಕಣ್ಣು ಮುಚ್ಚಿದರೆ ಅದೇ ಕೆಂಪು. ದಾಳಿಂಬೆ ಕಾಳಿನಷ್ಟೇ ಇತ್ತು, ಅಷ್ಟೇ ಹೊಳಪು.

ಹಳೇಬೀಡಿನ ಕಡೆಯ ಚೆಲುವಾಂಬ, ದೇವಸ್ಥಾನಕ್ಕೆ ಹೂ ಕಟ್ಟುವ ಮನೆಯವರು. ತಿಂಗಳ ನಡುನಡುವೆಯೂ ರಕ್ತ ಕಾಣಿಸುತ್ತಿತ್ತಂತೆ. ಕಂಡಾಗಲೆಲ್ಲ ಮುಟ್ಟೆಂದು ದೂರ ಕೂತಿದ್ದಾರೆ. ಆಸ್ಪತ್ರೆಗೂ ರಕ್ತ ನಿಂತ ಮೇಲೆಯೇ ಹೋಗಿದ್ದಾರೆ. ಎಲ್ಲರೂ ಮಾತ್ರೆ ಕೊಟ್ಟರು, ಒಬ್ಬರೂ ಒಳಗೆ ನೋಡಲಿಲ್ಲ. ಗರ್ಭಕೋಶವನ್ನೇ ತೆಗೆಸಿ ಎಂದವರೂ ಇದ್ದಾರೆ. ಇವತ್ತು ಬಸ್ಸಿನಲ್ಲೇ ಶುರುವಾಗಿ, ನಮ್ಮ ಕ್ಲಿನಿಕ್ಕಿನ ಬಾಗಿಲನ್ನೂ ಮುಟ್ಟದೆ ಹೊರಗೆ ನಿಂತಿದ್ದರು.

ಕರೆಂಟ್ ಇರಲಿಲ್ಲ. ನರ್ಸ್ ಚಿತ್ರಾ ಮೊಬೈಲ್ ಟಾರ್ಚ್ ಹಿಡಿದಳು. ಗರ್ಭಕೋಶದ ಬಾಯಲ್ಲಿ, ಸಣ್ಣ ತೊಟ್ಟಿಗೆ ಜೋತುಬಿದ್ದ ಮಾಂಸದ ಕುಡಿ, ಪಾಲಿಪ್! ಇಕ್ಕಳದಲ್ಲಿ ಹಿಡಿದು ಮೆಲ್ಲಗೆ ತಿರುಚಿದೆ, ಬಂದೇಬಿಟ್ಟಿತು. ಕ್ಯಾನ್ಸರಿನ ಹಾಗೇನೂ ಕಾಣಲಿಲ್ಲ. ಆದರೂ ಬಾಟಲಿಗೆ ಹಾಕಿ ಹಾಸನದ ಲ್ಯಾಬಿಗೆ ಕಳಿಸಿದ್ದೇನೆ. ಇಷ್ಟು ಸಣ್ಣದು ಒಬ್ಬ ಹೆಂಗಸನ್ನು ದೇವರಮನೆಯಿಂದ ಹೊರಗಿಟ್ಟಿತ್ತೇ?

“ಎರಡು ದಿನ ಸ್ವಲ್ಪ ರಕ್ತ ಕಾಣಬಹುದು. ಅದು ಮುಟ್ಟಲ್ಲ, ಗಾಯ ಅಷ್ಟೇ,” ಎಂದೆ.

ಅವರು ಬಾಟಲಿಯನ್ನೇ ನೋಡುತ್ತಿದ್ದರು. “ಹಾಗಾದ್ರೆ ಇಷ್ಟು ದಿನ ನಡುನಡುವೆ ಬರ್ತಿದ್ದಿದ್ದೂ ಮುಟ್ಟಲ್ವೇ ಡಾಕ್ಟ್ರೇ?”

“ಅಲ್ಲ ಕಣ್ರೀ.”

ಬಾಗಿಲನ್ನೇ ಮುಟ್ಟದವರು ನನ್ನ ಕೈ ಹಿಡಿದುಕೊಂಡರು. ಬಸ್ಸು ಬರುವವರೆಗೂ ಬಿಡಲಿಲ್ಲ.