ಸೊಸೆ ಬಿಟ್ಟು ಹೋದ ಲಿಂಗ

ಕಾಂದಿವಲಿ ಪೂರ್ವ, ಮುಂಬೈ
12 ಜೂನ್ 2024, ಬುಧವಾರ

ಪ್ರೀತಿಯ ಸೊಸೆ ಶಿವಕುಮಾರಿಗೆ, ನಿನ್ನ ಅತ್ತೆ ನಾಗವ್ವ ಮಾಡುವ ಆಶೀರ್ವಾದಗಳು.

ಹೇಗಿದ್ದೀಯವ್ವಾ? ವಿಮಾನದಲ್ಲಿ ಕಿವಿ ಕಟ್ಟಿತ್ತೆಂದು ಕಾಶಿನಾಥ ಹೇಳಿದ್ದ, ಬಿಟ್ಟಿತೇ? ಹೊಟ್ಟೆಗೆ ಏನು ತಿನ್ನುತ್ತೀ? ನಾನು ಕಟ್ಟಿಕೊಟ್ಟ ಶೇಂಗಾ ಹಿಂಡಿಯನ್ನು ಆ ನನ್ನ ಮಗ ಮೊದಲ ದಿನವೇ ಅರ್ಧ ಖಾಲಿ ಮಾಡಿರುತ್ತಾನೆ, ಉಳಿದದ್ದನ್ನು ಬಚ್ಚಿಟ್ಟುಕೋ. ಇಲ್ಲಿ ನಾನು ಇದ್ದೇನೆ. ಮೊಣಕಾಲು ಇದ್ದಲ್ಲೇ ಇದೆ, ನೋವೂ ಅಲ್ಲೇ ಇದೆ.

ಫೋನಿನಲ್ಲಿ ಹೇಳದೆ ಕಾಗದ ಬರೆಯುವುದಕ್ಕೆ ಕಾರಣವಿದೆ. ಫೋನು ಬಂದರೆ ಕಾಶಿನಾಥ ಸ್ಪೀಕರ್ ಹಾಕುತ್ತಾನೆ. ಈ ಮನೆಯಲ್ಲಿ ಕನ್ನಡ ಅಕ್ಷರ ಬರುವುದು ನಿನಗೆ ಮತ್ತು ನನಗೆ ಮಾತ್ರ. ನನ್ನದು ನಾಲ್ಕನೇ ಇಯತ್ತೆಯ ಬರಹ, ಕೋಳಿ ಕೆದರಿದಂತಿದ್ದರೂ ಓದಿಕೋ. ರಾಧಿಕಾ ಇದರ ಫೋಟೋ ತೆಗೆದು ಕಳಿಸುತ್ತಾಳೆ. ನಿನ್ನ ಮಗಳಿಗೆ ಇದೆಲ್ಲ ಇರುವೆ ಸಾಲು. "ಅಜ್ಜಿ, ಇತನಾ ಕ್ಯಾ ಲಿಖ ರಹೀ ಹೋ?" ಎಂದಳು, ಇಷ್ಟೊಂದು ಏನು ಬರೆಯುತ್ತೀ ಎಂದು. "ನಿಮ್ಮವ್ವಗ ನಿನ್ನ ಚಾಡಿ ಬರೀಲಿಕ್ಕತ್ತೀನಿ" ಎಂದೆ.

ಕಾಶಿನಾಥ ಟೈಲ್ಸ್ ಮಾರಿದ್ದಕ್ಕೆ ಕಂಪನಿಯವರು ತುರ್ಕಿ ದೇಶದ ಸಮುದ್ರ ತೋರಿಸುತ್ತಾರೆಂದು ಯಾರು ಎಣಿಸಿದ್ದರು? ಅಂಗಡಿಯ ಧೂಳು ಕುಡಿದವನು ಅವನು, ಒಲೆಯ ಮುಂದೆ ಇಪ್ಪತ್ತು ವರ್ಷ ಬೆಂದವಳು ನೀನು. ಹೋಗಿ ಬನ್ನಿ ಎಂದು ನಾನೇ ಹೇಳಿದೆ. ಆ ಮಾರ್ಮಾರಿಸ್ ಊರಿನ ಫೋಟೋಗಳನ್ನು ರಾಧಿಕಾ ತೋರಿಸಿದಳು. ದಂಡೆಯ ತುಂಬ ಹೋಟೆಲು, ಹಡಗಿನ ಮೇಲೆ ಕುಣಿತ, ಬೆಳ್ಳಗಿನ ಹೆಂಗಸರು ಹಪ್ಪಳ ಒಣಹಾಕಿದಂತೆ ಬಿಸಿಲಿಗೆ ಬಿದ್ದಿದ್ದಾರೆ. ನೋಡಿಯೇ ನನಗೆ ದಣಿವಾಯಿತು.

ದೋಣಿಯ ಮೇಲೆ ನೀನು ಒದ್ದೆ ಕೂದಲಲ್ಲಿ ನಿಂತ ಫೋಟೋವನ್ನು ನನ್ನ ಜಾಣ ಮಗ ಮನೆತನದ ವಾಟ್ಸಪ್ ಗ್ರೂಪಿಗೂ ಹಾಕಿದ. ಹತ್ತು ನಿಮಿಷವಾಗಿಲ್ಲ, ಜೋಗೇಶ್ವರಿಯಿಂದ ನನ್ನ ನಾದಿನಿ ಚಂದ್ರವ್ವನ ಫೋನು. "ವೈನೀ, ನಿನ್ನ ಸೊಸಿ ಕೊರಳು ಬೋಳ ಕಾಣಸ್ತದಲ್ಲ? ಲಿಂಗ ಎಲ್ಲಿ ಬಿಟ್ಟಾಳ?" ಅವಳ ಕಣ್ಣಿಗೆ ಪೊರೆ ಬಂದಿದೆಯೆಂದು ಯಾವ ಡಾಕ್ಟರ್ ಹೇಳಿದನೋ! "ಉಪ್ಪುನೀರಿಗೆ ಲಿಂಗದ ಮ್ಯಾಲಿನ ಕಪ್ಪು ಕಂತಿ ಕೆಡತದಂತ ನಾನ ತಗಸಿ ಇಟ್ಟೀನಿ" ಎಂದುಬಿಟ್ಟೆ. ಬಾಯಿಗೆ ಬಂದ ಸುಳ್ಳು. ಆಮೇಲೆ ಮನೆಯೆಲ್ಲ ಹುಡುಕಿದೆ. ನಿನ್ನ ಕಪಾಟಿನಲ್ಲಿ, ರೇಷ್ಮೆ ಸೀರೆಗಳ ಕೆಳಗೆ ಸಿಕ್ಕಿತು.

ಒಬ್ಬರ ಲಿಂಗಕ್ಕೆ ಇನ್ನೊಬ್ಬರು ಕೈ ಹಚ್ಚಬಾರದು, ಪೂಜೆಯಿಲ್ಲದೆ ಇಡಲೂಬಾರದು. ಎರಡು ದಿನ ಅದರ ಮುಂದೆ ಸುಮ್ಮನೆ ಕುಳಿತೆ. ಕೊನೆಗೆ ಲೋಕಲ್ ಹತ್ತಿ ಮಲಾಡ್‌ಗೆ ಹೋಗಿ ನಮ್ಮ ಮನೆತನದ ಪೂಜೆ ಮಾಡಿಸುವ ಅಯ್ಯನವರಾದ ಚನ್ನಬಸಯ್ಯನವರನ್ನು ಕೇಳಿದೆ. "ನೀ ದಿನಾ ನೀರ ಹಾಕಿ ಪತ್ರಿ ಏರಸು, ಯವ್ವಾ. ಕೊರಳಿಗೆ ಕಟ್ಟಿಕೊಳ್ಳೂದು ಮಾತ್ರ ಆಕೀ ಕೆಲಸ" ಎಂದರು. ಈಗ ಪ್ರತಿದಿನ ಬೆಳಗ್ಗೆ ನನ್ನದು ಮುಗಿಸಿ ನಿನ್ನದು. ಬೆನ್ನು ಬಿದ್ದುಹೋಗಿದೆ. ಈ ವಯಸ್ಸಿನಲ್ಲಿ ಒಬ್ಬಳ ಶಿವನನ್ನು ಸಂಭಾಳಿಸುವುದೇ ಸಾಕಾಗಿತ್ತು.

ಕಾಶಿನಾಥನಿಗೆ ಆಶೀರ್ವಾದ ತಿಳಿಸು. ನೀರಿನಲ್ಲಿ ಬಹಳ ದೂರ ಹೋಗಬೇಡಿ.

ಇಂತಿ ನಿನ್ನ ಅತ್ತೆ,
ನಾಗವ್ವ

ತಾ.ಕ.: ಮರೆತೆ ಎಂದು ಮಾತ್ರ ಬರೆಯಬೇಡ. ಮರೆತವರ ಲಿಂಗ ಬಚ್ಚಲಿನ ಗೂಟದ ಮೇಲೆ ಇರುತ್ತದೆ, ವಸ್ತ್ರದಲ್ಲಿ ಮೂರು ಸುತ್ತು ಸುತ್ತಿರುವುದಿಲ್ಲ. ದಾರ ನೋಡಿದರೆ ವರ್ಷದಿಂದ ಕೊರಳ ಬೆವರು ಕಂಡಿಲ್ಲ. ರವಿಕೆಯೊಳಗೆ ಇದೆಯೆಂದೇ ನಾನು ತಿಳಿದಿದ್ದೆ. ಯಾಕೆ ತೆಗೆದೆ ಎಂದು ನನಗೊಬ್ಬಳಿಗೆ ಹೇಳು, ಬೈಯುವುದಿಲ್ಲ. ಬೈದರೂ ನಾನೇ ಬೈಯುತ್ತೇನೆ, ಬೇರೆಯವರಿಗೆ ಬಿಡುವುದಿಲ್ಲ. ಭಾನುವಾರ ನೀವು ಇಳಿಯುವ ಹೊತ್ತಿಗೆ ಚಂದ್ರವ್ವ ಇಲ್ಲಿಗೆ ಬರುತ್ತಾಳಂತೆ, ನೀನು ಲಿಂಗ ಕಟ್ಟಿಕೊಳ್ಳುವುದನ್ನು ಕಣ್ಣಾರೆ ನೋಡಲು. ಕಟ್ಟಿಕೊಳ್ಳುವ ಮನಸ್ಸಿದ್ದರೆ ಹೂಂ ಎಂದು ಬರೆದು ಕಳಿಸು. ಮನಸ್ಸಿಲ್ಲದಿದ್ದರೆ ಅದನ್ನೂ ಬರೆ. ಹಾಗಿದ್ದರೆ ಭಾನುವಾರ ಬೆಳಗ್ಗೆಯೇ ರಾಧಿಕಾಳನ್ನು ಕರೆದುಕೊಂಡು ಜೋಗೇಶ್ವರಿಗೆ ಹೋಗಿ ಚಂದ್ರವ್ವನ ಮನೆಯಲ್ಲಿ ಕುಳಿತುಬಿಡುತ್ತೇನೆ. ಅತ್ತಿಗೆ ಮನೆಗೆ ಬಂದಿರುವಾಗ ಅವಳು ಹೊರಗೆ ಕಾಲಿಡುವ ಹಾಗಿಲ್ಲ.