ನೆಲ ಮುಟ್ಟಿ ಇಳಿದವರು

೨೨೯೧, ಫೆಬ್ರವರಿ ಮೂವತ್ತು

ಹಿಂದಿನ ಕಾಲದ ಆಸ್ಪತ್ರೆಯವರಿಗೆ ನಮಸ್ಕಾರ.

ಈಗ ಎಲ್ಲ ತಿಂಗಳಿಗೂ ಮೂವತ್ತೇ ದಿನ, ತಾರೀಖು ನೋಡಿ ತಪ್ಪು ತಿಳಿಯಬೇಡಿ. ನಮ್ಮ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ.

ನಾನು ಹೆಂಗಸರ ವಾರ್ಡಿನಲ್ಲಿ ಆಯಾ. ಇಲ್ಲಿ ನೆಲಗಿವಿ ಹಾಸಿದ್ದಾರೆ. ಅಂದರೆ ಕೇಳಿಸಿಕೊಳ್ಳುವ ನೆಲ. ರೋಗಿಯ ಪಾದ ತಾಗಿದ ಕೂಡಲೇ ಗಂಟೆ ಬಾರಿಸುತ್ತದೆ, ನಾವು ಓಡಿಹೋಗಿ ಹಿಡಿದುಕೊಳ್ಳುತ್ತೇವೆ. ಅಂಗೈ ತಾಗಿದರೆ ಮಾತ್ರ ಯಾರೋ ನೆಲ ಒರೆಸುತ್ತಿದ್ದಾರೆಂದು ತಿಳಿದು ಸ್ವಲ್ಪ ಹೊತ್ತು ಸುಮ್ಮನಾಗುತ್ತದೆ. ಅದಕ್ಕೆ ಹಾಗೆ ಕಲಿಸಿದವರು ಬೆಳಗಿನ ಹೊತ್ತು ವಾರ್ಡಿಗೆ ಬಂದು ನೋಡಿದವರಲ್ಲ.

ಬಾಗಿಲ ಪಕ್ಕದ ಮಂಚದಲ್ಲಿ ಪುಟ್ಟಗೌರಮ್ಮ ಇದ್ದರು. ಮಂಡಿ ಆಪರೇಷನ್ ಆಗಿತ್ತು. ನಡೆದುಕೊಂಡೇ ಮನೆಗೆ ಹೋಗಬೇಕೆಂಬುದೊಂದೇ ಅವರ ಹಟ. ದಿನಾ ಬೆಳಗ್ಗೆ ಮಂಚದಿಂದ ಬಗ್ಗಿ, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು, ಆಮೇಲೆ ಕಾಲಿಡುತ್ತಿದ್ದರು. ಭೂಮಿತಾಯಿಯನ್ನು ತುಳಿಯುವ ಮುಂಚೆ ಕ್ಷಮೆ ಕೇಳುವ ಪದ್ಧತಿ. ಹಿಡಿಯಲು ಯಾರಾದರೂ ಪಕ್ಕದಲ್ಲೇ ಇರುತ್ತಿದ್ದರಿಂದ ಗಂಟೆಯ ಕಡೆ ಯಾರಿಗೂ ಗಮನವಿರಲಿಲ್ಲ. ಒಂದು ದಿನ ಹಾಗೆ ಮುಟ್ಟಿದಾಗ, ನೆಲಗಿವಿ ಎಚ್ಚರವಾಗಿದೆ ಎಂದು ತೋರಿಸುವ ಗೋಡೆಯ ಹಸಿರು ದೀಪ ಆರಿದ್ದನ್ನು ಕಂಡೆ. ಪಕ್ಕದಲ್ಲೇ ಇದ್ದುದರಿಂದ ಅವರನ್ನು ಹಿಡಿದುಕೊಂಡೆ.

“ಗಂಟೆ ಹೊಡೀಲಿಲ್ಲ ನೋಡಜ್ಜಿ” ಅಂದೆ.

“ಹೊಡೀದಿದ್ರೆ ಒಳ್ಳೇದೇ ಬಿಡವ್ವ. ನಾನೇನ್ ಕಳ್ಳೀನಾ, ಕಾಲಿಟ್ರೆ ಅದು ಬಾಯ್ ಬಡ್ಕೊಳ್ಳಕ್ಕೆ?” ಎಂದು ನಕ್ಕರು.

ಡಾಕ್ಟರಿಗೆ ಹೇಳಬೇಕೆಂದುಕೊಂಡೆ. ಅವರು ರೌಂಡ್ಸಿಗೆ ಬಂದಾಗ ಹಿಂದೆ ಹತ್ತು ಜನ ಓದಿದವರಿದ್ದರು. ನಾಲ್ಕನೇ ತರಗತಿಯವರೆಗಷ್ಟೇ ಓದಿದ ನನಗೆ ಹೇಳಲು ಬಾಯೇ ಬರಲಿಲ್ಲ. ನಾಳೆ ಹೇಳೋಣ ಎಂದು ಹಿಂದೆ ಸರಿದೆ.

ಮರುದಿನ ಬೆಳಗ್ಗೆ ಇನ್ನೊಬ್ಬರಿಗೆ ಮುಖ ತೊಳೆಸುತ್ತಿದ್ದೆ. ಅಜ್ಜಿ ಬಿದ್ದ ಸದ್ದೇ ನನಗೆ ಕೇಳಿಸಿದ ಗಂಟೆ. ಸೊಂಟದ ಮೂಳೆ ಮುರಿದಿತ್ತು.

ಆಮೇಲೆ ಎಲ್ಲ ಮಂಚಗಳಿಗೂ ಸೊಂಟಬಿಗಿ ಬಂತು. ರೋಗಿಯನ್ನು ಹಾಸಿಗೆಗೇ ಹಿಡಿದಿಡುವ ಪಟ್ಟಿ ಅದು. ಈಗ ಯಾರೂ ಬೀಳುವುದಿಲ್ಲ. ಮಲಗಿ ಮಲಗಿ ಎಲ್ಲರ ಕಾಲೂ ಕಡ್ಡಿಯಾಗಿದೆ. ಬಾಗಿಲಿಗೆ ‘ಬೀಳದ ವಾರ್ಡು’ ಎಂಬ ಬಹುಮಾನದ ಫಲಕ ಹಾಕಿದ್ದಾರೆ. ದೀಪ ಆರಿದ ವಿಷಯ ಕೊನೆಗೂ ಸಿಸ್ಟರಿಗೆ ಹೇಳಿದೆ. “ಇನ್ಯಾಕೆ ಬಿಡೇ ಅದೆಲ್ಲ” ಅಂದರು.

ಪುಟ್ಟಗೌರಮ್ಮನ ಕೈ ಈಗ ನೆಲಕ್ಕೆ ಎಟುಕುವುದಿಲ್ಲ. ಮೊದಮೊದಲು “ನನ್ ಬದ್ಲು ನೀನ್ ಮುಟ್ಟವ್ವ” ಎನ್ನುತ್ತಿದ್ದರು. ನಾನು ನೆಲ ಮುಟ್ಟಿ ಅವರ ಕಣ್ಣಿಗೆ ಒತ್ತುತ್ತಿದ್ದೆ. ಇವತ್ತು ಮುಖ ತಿರುಗಿಸಿಕೊಂಡರು. “ಕಾಲೇ ಇಡದೋಳಿಗೆ ಯಾತರ ಕ್ಷಮೆ?”

ನಿಮ್ಮಲ್ಲಿ ಇನ್ನೂ ನೆಲಗಿವಿ ಬಂದಿಲ್ಲ. ತರುವ ಮುಂಚೆ ಒಂದು ವಾರ ವಾರ್ಡಿನಲ್ಲಿ ಕೂತು, ಜನ ಹೇಗೆ ಮಂಚ ಇಳಿಯುತ್ತಾರೆಂದು ನೋಡಿ. ಮೂಲೆಯಲ್ಲಿ ನಿಂತ ಆಯಾಳನ್ನು ನೀವಾಗಿಯೇ ಕೇಳಿ. ಅವಳು ತಾನಾಗಿ ಹೇಳುವುದಿಲ್ಲ.

ಈ ಪತ್ರ ನಿಮಗೆ ತಲುಪುತ್ತದೆಂಬ ನಂಬಿಕೆ ನನಗಿಲ್ಲ. ತಲುಪಿದ್ದರೆ ಅಜ್ಜಿ ಬೀಳುತ್ತಿರಲಿಲ್ಲ.

ಹೊನ್ನಾಜಿ