ಅಪ್ಪನ ಎಡಭುಜ

ಮಾರ್ಚ್ ೧೪, ಗುರುವಾರ

ಸಿಟ್ಟು ಇನ್ನೂ ಇಳಿದಿಲ್ಲ! ಅಪ್ಪ ಹೋಗಿ ಎರಡು ತಿಂಗಳಾಯಿತು. ನಮ್ಮ ಮದುವೆಯಲ್ಲಿ ತೆಗೆದ ಅಪ್ಪನ ಫೋಟೋವನ್ನು ಅತ್ತೆ ಇವತ್ತು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ತಂದರು. ಎಷ್ಟು ಮುದ್ದಾದ ನಗು ನನ್ನಪ್ಪನದು! ಆದರೆ ಎರಡೂ ಭುಜ ಸ್ಕೇಲಿಟ್ಟು ಗೆರೆ ಎಳೆದಷ್ಟು ಸಮ.

“ಎಡಭುಜ ಉಬ್ಬಿ ವಾರೆಯಾಗಿ ಕಾಣ್ತಿತ್ತಲ್ಲಮ್ಮ, ಸ್ಟುಡಿಯೋದವನಿಗೆ ಹೇಳಿ ಸರಿ ಮಾಡಿಸ್ದೆ,” ಅಂದರು ಖುಷಿಯಿಂದ.

“ಅದು ಮೂವತ್ತೊಂದು ವರ್ಷ ಬಂದರಿನಲ್ಲಿ ಹಡಗಿನ ಮೂಟೆ ಹೊತ್ತ ಭುಜ ಅತ್ತೆ. ಈ ಫೋಟೋ ನಂಗೆ ಬೇಡ. ನಾಳೆನೇ ಸ್ಟುಡಿಯೋಗೆ ಹೋಗಿ ಮೊದಲಿನ ಹಾಗೆ ಮಾಡಿಸ್ತೀನಿ.”

ಅತ್ತೆಯ ಮುಖ ಸಣ್ಣದಾಯಿತು. ಆಗ ನನ್ನ ಗಂಡ ಮೆಲ್ಲಗೆ, “ಮದುವೆ ಅಂಗಿಗೆ ದರ್ಜಿ ಮಾವನ ಎಡಭುಜಕ್ಕೆ ಬೇರೆ ಅಳತೆ ತಗೊಂಡಿದ್ದ ಅಮ್ಮ. ಈ ಫೋಟೋದವರಿಗೆ ಆ ಅಂಗಿ ಆಗೋದೇ ಇಲ್ಲ,” ಅಂದರು. ಅಯ್ಯೋ, ಅಲ್ಲೇ ತಬ್ಬಿಕೊಳ್ಳಬೇಕು ಅನ್ನಿಸಿತು!

ಮೂಟೆ ಹೊತ್ತು ಹೊತ್ತು ಭುಜದ ಮೇಲೆ ಎದ್ದ ಆ ಗಂಟು ಅಪ್ಪ ರಿಟೈರಾದ ಮೇಲೂ ಕರಗಲಿಲ್ಲ. ಚಿಕ್ಕಂದಿನಲ್ಲಿ ಅಪ್ಪ ಎತ್ತಿಕೊಂಡಾಗ ನಾನು ಗದ್ದ ಊರುತ್ತಿದ್ದದ್ದು ಅದರ ಮೇಲೆಯೇ. ನಾನು ಇಂಗ್ಲಿಷ್ ಶಾಲೆಯಲ್ಲಿ ಓದಿದ್ದೂ ಆ ಭುಜದ ಬಲದಿಂದಲೇ. ಅದನ್ನು ಅಳಿಸಲು ಯಾರನ್ನೂ ಬಿಡುವುದಿಲ್ಲ.

ಊಟವಾದ ಮೇಲೆ ಅತ್ತೆ ಬಂದು, “ನಾಳೆ ಸ್ಟುಡಿಯೋಗೆ ನಾನೂ ಬರ್ತೀನಿ. ಕೆಡಿಸು ಅಂತ ಹೇಳಿದವಳು ನಾನಲ್ವಾ,” ಅಂದರು. ಬರಲಿ, ಪಾಪ. ಆದರೆ ಕಂಪ್ಯೂಟರ್ ಪಕ್ಕದಲ್ಲಿ ನಿಲ್ಲುವವಳು ನಾನೇ. ಸ್ಟುಡಿಯೋದವನು ಗೊಣಗಲಿ, ಅಂಗಡಿಯ ಬಾಗಿಲೇ ಎಳೆಯಲಿ, ನನ್ನ ಅಪ್ಪ ಇದ್ದ ಹಾಗೆ ಕಾಣುವವರೆಗೂ ನಾನು ಅಲ್ಲಿಂದ ಕದಲುವುದಿಲ್ಲ, ಒಂದು ಹೆಜ್ಜೆಯೂ...